ಏನೇನೂ ಇಲ್ಲದ ಹೊತ್ತಿನ ಸವಾಲು

ನನಗೊಂದು ಚಟವಿದೆ. ಯಾರು ಏನೇ ಪ್ರಶ್ನೆ ಕೇಳಲಿ, ಉತ್ತರ ಹೇಳುವ ಮೊದಲು ಒಮ್ಮೆ ಗಂಟಲು ಕೆರೆದುಕೊಳ್ಳುತ್ತೇನೆ. ಉತ್ತರ ಗೊತ್ತಿದ್ದರೆ ಸಣ್ಣಗೆ, ಗೊತ್ತಿಲ್ಲದಿದ್ದರೆ ದೊಡ್ಡದಾಗಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳು ಇದನ್ನು ಬಲು ಬೇಗ ಪತ್ತೆ ಹಚ್ಚಿದ್ದರು. ಸರ್ ಜೋರಾಗಿ ಕೆಮ್ಮಿದರೆ ಬರೆದುಕೊಳ್ಳುವಂಥದ್ದು ಏನೂ ಬರುವುದಿಲ್ಲವೆಂದು ಪೆನ್ನು ಕೆಳಗಿಟ್ಟುಬಿಡುತ್ತಿದ್ದರು. ಮೊನ್ನೆ ಊಟಕ್ಕೆ ಕೂತಾಗ ಮೊಮ್ಮಗಳು, "ಅಜ್ಜಾ, ಈ ಜಗತ್ತು ಹುಟ್ಟೂಕಿಂತ ಮದಲ ಏನಿತ್ತು?" ಅಂದಳು. ನಾನು ಎಷ್ಟು ಜೋರಾಗಿ ಗಂಟಲು ಕೆರೆದೆನೆಂದರೆ, ತುತ್ತು ಸಿಕ್ಕಿಕೊಂಡಿದೆ ಎಂದು ಹೆಂಡತಿ ನೀರಿನ ತಂಬಿಗೆ ಹಿಡಿದು ಓಡಿಬಂದಳು.

ಚಟ ನನ್ನದಲ್ಲ, ಅಪ್ಪನದು. ಅಪ್ಪ ಕರಿಸಿದ್ದಪ್ಪ ಬೇವೂರಿನವನು. ಒಂದಿಷ್ಟು ಕುರಿ, ಒಂದಿಷ್ಟು ಹೊಲ, ಹೆಗಲ ಮೇಲೊಂದು ಕರಿ ಕಂಬಳಿ, ಕೊರಳಲ್ಲಿ ಡೊಳ್ಳು. ಅಕ್ಷರ ಬರುತ್ತಿರಲಿಲ್ಲ. ಆದರೆ ನಮ್ಮ ಕುಲದೇವರಾದ ಬೀರಪ್ಪನ ಪದಗಳು ತನ್ನ ಹೊಟ್ಟೆಯಲ್ಲಿ ಎಷ್ಟಿವೆಯೆಂದು ಅವನಿಗೇ ಗೊತ್ತಿರಲಿಲ್ಲ. ಹಾಡಿಕೆಯಲ್ಲಿ ಎದುರಿನವರು ಸವಾಲು ಹಾಕುತ್ತಲೇ ಅಪ್ಪ ಒಮ್ಮೆ ಗಂಟಲು ಕೆರೆಯುತ್ತಿದ್ದ. ಅಷ್ಟರೊಳಗೆ ಜವಾಬಿನ ಸಾಲು ಎಲ್ಲಿಂದಲೋ ಬಂದು ಅವನ ನಾಲಗೆಯ ಮೇಲೆ ಕೂತಿರುತ್ತಿತ್ತು. ನನಗೆ ಬಂದದ್ದು ಗಂಟಲು ಕೆರೆಯುವುದಷ್ಟೇ. ಸಾಲು ಬರಲಿಲ್ಲ.

ನಿಮ್ಮಲ್ಲಿ ಅನೇಕರು ಕುಣಿಯುವ ಡೊಳ್ಳನ್ನು ನೋಡಿರುತ್ತೀರಿ. ನಾನು ಹೇಳುತ್ತಿರುವುದು ವಾದದ ಹಾಡಿಕೆ. ಬೀರಪ್ಪನ ಗುಡಿಯ ಮುಂದೆ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಮೇಳದವರು ಹಾಡಿನಲ್ಲೇ ಸವಾಲು ಹಾಕಬೇಕು, ಇನ್ನೊಂದು ಮೇಳದವರು ಹಾಡಿನಲ್ಲೇ ಜವಾಬು ಕೊಡಬೇಕು. ನೆಲ ಹುಟ್ಟಿದ್ದು ಹೇಗೆ, ನೀರು ಯಾವಾಗ ಬಂತು, ಮೊದಲ ಕುರಿ ಯಾವ ಹುತ್ತದಿಂದ ಹೊರಬಿತ್ತು, ಸೂರ್ಯನಿಗೆ ಬೆಳಕು ಕೊಟ್ಟವರು ಯಾರು. ಜಗತ್ತಿನ ಮೂಲವನ್ನೆಲ್ಲ ಕಂಬಳಿ ಹೊದ್ದ ಮಂದಿ ಬಟ್ಟಬಯಲಲ್ಲಿ ನಿಂತು ತೀರ್ಮಾನ ಮಾಡುತ್ತಿದ್ದರು. ಜವಾಬು ಬಾರದವನು ಡೊಳ್ಳನ್ನು ಕೊರಳಿನಿಂದ ಇಳಿಸಿ ನೆಲಕ್ಕಿಡಬೇಕು. ಆಗ ಸವಾಲು ಹಾಕಿದವನೇ ಜವಾಬನ್ನೂ ಹಾಡಿ ತೋರಿಸಬೇಕು. ತನಗೇ ಗೊತ್ತಿಲ್ಲದ್ದನ್ನು ಇನ್ನೊಬ್ಬರಿಗೆ ಕೇಳುವಂತಿಲ್ಲ. ಅದು ಹಾಡಿಕೆಯ ನೇಮ.

ಅಪ್ಪನಿಗೆ ಸರಿಜೋಡಿ ಎಂದರೆ ಅವ್ವನ ತಮ್ಮ ಅಮೋಗೆಪ್ಪ ಮಾವ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ ಇಳಿದು ಹೊಲಗಳ ನಡುವೆ ಸ್ವಲ್ಪ ನಡೆದರೆ ಅವನ ಊರು. ಅಪ್ಪನದು ಗುಡುಗಿನಂಥ ದಪ್ಪ ದನಿ. ಮಾವನದು ತೆಳ್ಳಗೆ, ಎಳೆದಷ್ಟೂ ಬರುವ ನೂಲಿನಂಥ ದನಿ. ವರ್ಷಕ್ಕೊಮ್ಮೆಯಾದರೂ ಇಬ್ಬರೂ ಎದುರಾಗುತ್ತಿದ್ದರು. ಒಮ್ಮೆ ಇವನು ಗೆದ್ದರೆ ಒಮ್ಮೆ ಅವನು. ಗೆದ್ದವನ ಮನೆಯಲ್ಲಿ ಊಟ, ಸೋತವನಿಗೆ ಮೊದಲ ತುತ್ತು. ಅವ್ವ ಮಾತ್ರ ಹಾಡಿಕೆ ಮುಗಿಯುವವರೆಗೆ ಗುಡಿಯ ಗೋಡೆಗೆ ಆತು ನಟ್ಟನಡುವೆ ಕೂರುತ್ತಿದ್ದಳು. ಯಾರಾದರೂ ಕೇಳಿದರೆ, "ಈ ಕಡೆ ಕುಂತ್ರ ತಮ್ಮ ಮಾರಿ ಉಬ್ಬಿಸ್ತಾನ, ಆ ಕಡೆ ಕುಂತ್ರ ಗಂಡ ಉಣ್ಣಂಗಿಲ್ಲ," ಎನ್ನುತ್ತಿದ್ದಳು.

ಮಾವನಿಗೆ ಒಬ್ಬನೇ ಮಗ, ಮಾಳಪ್ಪ. ನನ್ನ ವಾರಿಗೆಯವನು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಕುರಿಯ ಹಿಂದೆ ಹೋದ. ನಾನು ಸಾಲಿ ಬಿಡಲಿಲ್ಲ, ಹೀಗಾಗಿ ಸೂಟಿಗೆ ಮಾವನ ಊರಿಗೆ ಹೋದಾಗಲೆಲ್ಲ ನನ್ನ ಜ್ಞಾನವನ್ನು ಅವನ ಮೇಲೆ ಸುರಿಯುವುದು ನನ್ನ ಧರ್ಮವೆಂದುಕೊಂಡಿದ್ದೆ. ಒಮ್ಮೆ ಭೂಮಿ ಗುಂಡಗಿದೆ ಎಂದು ಹೇಳಿದೆ. ಅವನು ಕೋಲಿಗೆ ಗಲ್ಲ ಊರಿ ಬಹಳ ಹೊತ್ತು ಯೋಚಿಸಿದ. "ಗುಂಡಗಿದ್ರ ಕುರಿ ಉಳ್ಳಿ ಬೀಳಬೇಕಿತ್ತಲ್ಲೋ," ಅಂದ. ಎಳೆತವಿದೆ, ಅದು ಹಿಡಿದಿಡುತ್ತದೆ ಎಂದು ವಿವರಿಸಿದೆ. "ಹಂಗಾರ ಛಲೋ ಆತು," ಎಂದು ಒಪ್ಪಿಕೊಂಡು, ಕಂಬಳಿಯ ಚುಂಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬೋರೆಹಣ್ಣು ನನ್ನ ಕೈಗೆ ಸುರಿದ. ಅವನಿಗೆ ನನ್ನ ಯಾವ ಮಾತಿನ ಮೇಲೂ ಸಂಶಯವಿರಲಿಲ್ಲ. ಅಷ್ಟು ಒಳ್ಳೆಯ ವಿದ್ಯಾರ್ಥಿ ಮುಂದೆ ನನಗೆ ಸಿಗಲಿಲ್ಲ.

ನಾನು ಬಿ.ಎಸ್ಸಿ.ಗೆ ಸೇರಿದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ಬಾಗಲಕೋಟೆ ಆಗಿನ್ನೂ ಬಿಜಾಪುರ ಜಿಲ್ಲೆಯ ತಾಲೂಕು. ಹಳೆಯ ಪೇಟೆಯ ಒಂದು ಸಂದಿಯಲ್ಲಿ ನನ್ನ ಬಾಡಿಗೆ ಖೋಲಿ. ಆ ಸಂದಿಯೂ ಖೋಲಿಯೂ ಈಗ ಹಿನ್ನೀರಿನ ಪಾಲಾಗಿವೆ. ಅಲ್ಲಿಂದ ವಿದ್ಯಾಗಿರಿಯ ಕಾಲೇಜಿಗೆ ನಡೆದು ಹೋಗುತ್ತಿದ್ದೆ. ಅವ್ವ ಊರ ಬಸ್ಸಿನಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದಳು. ಗಂಟು ಬಿಚ್ಚಿದರೆ ಮೊದಲು ಮನೆಯ ಕಂಬಳಿಯ ವಾಸನೆ, ಆಮೇಲೆ ಶೇಂಗಾ ಹಿಂಡಿಯ ವಾಸನೆ. ಖೋಲಿಯ ಜೊತೆಗಾರರು ಮೂಗು ಮುಚ್ಚಿಕೊಂಡೇ ಪಾಲು ಕೇಳುತ್ತಿದ್ದರು.

ಎರಡನೆಯ ವರ್ಷ ನಮಗೆ ಭೌತಶಾಸ್ತ್ರಕ್ಕೆ ಜೋಶಿ ಸರ್ ಬಂದರು. ಬದಾಮಿಯ ಪಂಡಿತರ ಮನೆತನದವರು. ಬಿಳಿ ಪ್ಯಾಂಟು, ಬಿಳಿ ಅಂಗಿ, ಎರಡರ ಮೇಲೂ ಸೀಮೆಸುಣ್ಣ. ಪಾಠದಲ್ಲಿ ಇಲ್ಲದ್ದನ್ನೇ ಹೆಚ್ಚು ಹೇಳುತ್ತಿದ್ದರು. ಒಂದು ದಿನ ಹಲಗೆಯ ಮೇಲೆ ಎರಡೇ ಪದ ಬರೆದರು, ಸಾಂತ, ಅನಂತ. ನಮ್ಮ ತರಗತಿಯಲ್ಲಿ ಅನಂತ ಎಂಬುವನಿದ್ದ. ಎಲ್ಲರೂ ಅವನತ್ತ ತಿರುಗಿ ನಕ್ಕೆವು. "ನಗಬ್ಯಾಡ್ರಿ, ಇವನಿಗರ ಅಂತ್ಯ ಅದ," ಎಂದು ಸರ್ ಆಟದ ಕೋಣೆಯಿಂದ ತರಿಸಿದ ಫುಟ್‌ಬಾಲಿನ ಬ್ಲಾಡರಿನ ಮೇಲೆ ಶಾಯಿಯಿಂದ ಚುಕ್ಕೆ ಇಟ್ಟು, ಸೈಕಲ್ ಪಂಪಿನಿಂದ ಗಾಳಿ ಹಾಕತೊಡಗಿದರು. ಚುಕ್ಕೆಗಳು ಒಂದರಿಂದೊಂದು ದೂರ ಸರಿದವು. ನಕ್ಷತ್ರಗಳ ಗುಂಪುಗಳು ಹೀಗೆಯೇ ದೂರ ಹೋಗುತ್ತಿವೆಯಂತೆ. ಇದರ ಮೇಲೆ ಹರಿದಾಡುವ ಇರುವೆಗೆ ತುದಿ ಸಿಗುವುದಿಲ್ಲ, ಆದರೂ ಇದು ಅಳತೆಗೆ ಸಿಗುವಂಥದ್ದು ಅಂದರು. ಇದನ್ನೆಲ್ಲ ಮಾಳಪ್ಪನಿಗೆ ಹೇಗೆ ಹೇಳಲಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಬ್ಲಾಡರು ಒಂದು ಅಳತೆಯ ಮೇಲೆ ತಾಳಲಿಲ್ಲ, ಒಡೆಯಿತು. ಹಿಂದಿನ ಬಾಕಿನವರು ಚಪ್ಪಾಳೆ ತಟ್ಟಿದರು.

ಮಾಳಪ್ಪನಿಗೆ ಹೇಳಲು ಆಗಲಿಲ್ಲ. ಆ ವರ್ಷ ಶ್ರಾವಣದಲ್ಲಿ, ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯಲು ಅವನು ಊರ ಪಕ್ಕದ ಹಳ್ಳಕ್ಕೆ ಇಳಿದಿದ್ದ. ಮೊಣಕಾಲುದ್ದ ನೀರು, ಮೇಲೆ ಚೊಕ್ಕ ಬಿಸಿಲು. ಎಲ್ಲೋ ಮೇಲ್ಗಡೆ ಮಳೆಯಾಗಿತ್ತು. ಹಳ್ಳ ಒಮ್ಮೆಲೇ ಬಂತು. ಮಾಳಪ್ಪ ದಂಡೆಗೆ ಬಂದಿದ್ದನಂತೆ. ಒಂದು ಮರಿ ಉಳಿದಿತ್ತೆಂದು ತಿರುಗಿ ಹೋದನಂತೆ. ಮರುದಿನ ಮುಂಜಾನೆ ಬಹಳ ಕೆಳಗೆ, ಜಾಲಿಗಿಡದ ಬೇರಿಗೆ ಸಿಕ್ಕಿಕೊಂಡಿದ್ದ.

ಮಣ್ಣು ಕೊಟ್ಟು ಬಂದ ಮೇಲೆ ಮಾವ ಯಾರೊಂದಿಗೂ ಮಾತಾಡಲಿಲ್ಲ. ಆ ವರ್ಷ ಅವನು ಹಾಡಿಕೆಗೆ ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಆದರೆ ದೀಪಾವಳಿ ಕಳೆದ ಮೇಲೆ ನಮ್ಮ ಬೇವೂರಿನ ಬೀರಪ್ಪನ ಮುಂದೆ ಹಾಡಿಕೆ ಕೂಡಿದಾಗ, ಮುಂಜಾನೆಯೇ ಮೇಳ ಕಟ್ಟಿಕೊಂಡು ಬಂದುಬಿಟ್ಟ. ಗಡ್ಡ ಬೆಳೆದಿತ್ತು. ಅಂಗಿ ಮೈಯಿಂದ ದೂರ ನಿಂತಿತ್ತು. ಅವ್ವ ಅವನ ಕೈ ಹಿಡಿದು, "ಬ್ಯಾಡೋ ತಮ್ಮಾ, ಈ ವರ್ಷ ಬಿಡು," ಅಂದಳು.

"ಇಲ್ಲಬೇ ಅಕ್ಕಾ, ಈ ವರ್ಷನ ಹಾಡಬೇಕು," ಅಂದ.

ನಾನು ಸೂಟಿಗೆ ಬಂದಿದ್ದೆ. ಅವ್ವನ ಪಕ್ಕದಲ್ಲೇ ಗುಡಿಯ ಗೋಡೆಗೆ ಆತು ಕೂತೆ. ಮಧ್ಯಾಹ್ನದವರೆಗೆ ಎಲ್ಲ ಎಂದಿನಂತೆ ನಡೆಯಿತು. ನೀರಿನ ಸವಾಲು, ನೆಲದ ಸವಾಲು, ಹುತ್ತದ ಸವಾಲು. ಅಪ್ಪ ಸ್ವಲ್ಪ ಮೆತ್ತಗೇ ಹಾಡುತ್ತಿದ್ದ. ಭಾವಮೈದುನನನ್ನು ಈ ಸಲ ಗೆಲ್ಲಿಸಬೇಕೆಂದು ಅವನ ಮನಸ್ಸಿನಲ್ಲಿತ್ತೆಂದು ಅವ್ವ ಆಮೇಲೆ ಹೇಳಿದಳು. ಹೊತ್ತು ಇಳಿಯುತ್ತಿದ್ದಾಗ ಮಾವ ಹಿಮ್ಮೇಳದವರನ್ನು ಕೈ ಎತ್ತಿ ನಿಲ್ಲಿಸಿದ. ತಾಳ ನಿಂತಿತು. ಬರೀ ಕೊರಳಿನಲ್ಲಿ ಎತ್ತಿದ:

"ನಿಲ್ಲಾಕ ನೆಲವಿಲ್ಲ, ಕುಂದ್ರಾಕ ಕಲ್ಲಿಲ್ಲ,
ಏನೇನೂ ಇಲ್ಲದ ಹೊತ್ತಿನಾಗ
ನಮ್ಮಪ್ಪ ಬೀರಪ್ಪ ಎಲ್ಲಿದ್ದ ಹೇಳೋ."

ಅಪ್ಪ ಗಂಟಲು ಕೆರೆದ. ಸಾಲು ಬರಲಿಲ್ಲ. ಇನ್ನೊಮ್ಮೆ ಕೆರೆದ. ಹಿಮ್ಮೇಳದವರು ಅವನ ಮುಖ ನೋಡಿದರು. ಆಕಾಶದಲ್ಲಿದ್ದ ಎನ್ನೋಣವೆಂದರೆ ಆಕಾಶವೂ ಇಲ್ಲ. ಕತ್ತಲಲ್ಲಿದ್ದ ಎಂದರೆ ಕತ್ತಲೂ ಒಂದು ಏನೋ ಆಯಿತು. ತನ್ನೊಳಗೇ ಇದ್ದ ಎಂದು ತೇಲಿಸಿ ಹಾಡುವ ಹಳೆಯ ಜಾಣತನವೊಂದಿತ್ತು, ಅಪ್ಪನಿಗೂ ಗೊತ್ತಿತ್ತು. ಆದರೆ ಅಂದು ಎದುರಿಗೆ ನಿಂತವನ ಮುಖ ನೋಡಿ ಅದನ್ನು ಹಾಡಲು ತನ್ನಿಂದ ಆಗಲಿಲ್ಲವೆಂದು ಅಪ್ಪ ಎಷ್ಟೋ ವರ್ಷದ ಮೇಲೆ ಹೇಳಿದ. ಅವನು ನಿಧಾನವಾಗಿ ಡೊಳ್ಳನ್ನು ಕೊರಳಿನಿಂದ ಇಳಿಸಿ ನೆಲಕ್ಕಿಟ್ಟ.

ಮಂದಿ ಕೇಕೆ ಹಾಕಿದರು. ಹಿರಿಯರೊಬ್ಬರು, "ಅಮೋಗೆಪ್ಪಾ, ಇನ್ನ ನೀ ಹಾಡು ಜವಾಬು," ಅಂದರು. ನೆರೆದ ಮಂದಿಯನ್ನು ನಮ್ಮ ಕಡೆ ದೈವ ಎಂದೇ ಕರೆಯುತ್ತಾರೆ. ಮಾವ ಡೊಳ್ಳು ಇಳಿಸಿಟ್ಟ ಅಪ್ಪನನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತ. ಗೆದ್ದವನ ಮುಖವಾಗಿರಲಿಲ್ಲ ಅದು. ತಲೆಯ ಪಟಕ ಬಿಚ್ಚಿ ಮುಖ ಒರೆಸಿಕೊಂಡು, "ಇವತ್ತಿಗೆ ಸಾಕ್ರಿ ದೈವಾ," ಎಂದವನೇ ಗುಂಪು ಸೀಳಿಕೊಂಡು ಹೊರಟುಹೋದ. ಊಟಕ್ಕೂ ನಿಲ್ಲಲಿಲ್ಲ. ಅಕ್ಕನ ಗಂಡನ ಮರ್ಯಾದೆ ಉಳಿಸಿದ ಎಂದು ಮಂದಿ ಅವನನ್ನು ಹೊಗಳಿದರು.

ಅಂದಿನಿಂದ ಅಪ್ಪ ಡೊಳ್ಳು ಮುಟ್ಟಲಿಲ್ಲ. ಬೇರೆ ಊರಿನವರು ವೀಳ್ಯ ಕೊಟ್ಟು ಹಾಡಿಕೆಗೆ ಕರೆಯಲು ಬಂದರೆ ಹೊಲದಲ್ಲಿ ಕೆಲಸವಿದೆ ಎಂದು ಕಳಿಸುತ್ತಿದ್ದ. "ಒಂದ ಸಲ ಸೋತದ್ದಕ್ಕ ಇಷ್ಟ ಮಾಡೂದೇನು?" ಎಂದು ಅವ್ವ ಗದರಿದಳು.

"ಸೋತದ್ದಕ್ಕಲ್ಲ. ಇಷ್ಟ ದಿನ ನಾ ನೋಡಿ ಬಂದಾಂವನಂಗ ಹಾಡಿದ್ನೆಲ್ಲ, ಅದು ಖರೆ ಹೌದೋ ಅಲ್ಲೋ?"

ಎರಡು ತಿಂಗಳ ಮೇಲೆ ಒಂದು ರವಿವಾರ ನಾನು ಊರಿಗೆ ಬಂದಾಗ, ಕಣದಲ್ಲಿ ಕೂತು, "ನಿಮ್ಮ ಸಾಲಿಯಾಗ ಇದನ್ನ ಕಲಿಸ್ತಾರೇನ?" ಎಂದು ಕೇಳಿದ. ನನಗೆ ಅಷ್ಟೇ ಸಾಕಿತ್ತು. ಎಲ್ಲ ಒಂದೇ ಕಡೆ ಮುದ್ದೆಯಾಗಿತ್ತು, ಸಿಡಿದು ಹರಡಿತು, ಅದರಿಂದಲೇ ಕಾಲವೂ ಶುರುವಾಯಿತು, ಅದಕ್ಕಿಂತ ಮೊದಲು ಎನ್ನುವುದೇ ಇಲ್ಲ ಎಂದೆಲ್ಲ ಕೈ ಬೀಸಿ ಬೀಸಿ ಹೇಳಿದೆ. ಮಹಾಸ್ಫೋಟ ಎಂಬ ಪದ ಎಷ್ಟು ಸಲ ಬಂತೆಂದರೆ ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಎತ್ತು ಎದ್ದು ಅತ್ತ ಹೋಯಿತು. ಅಪ್ಪ ಕೊನೆಯವರೆಗೆ ಕೇಳಿದ.

"ಮದಲ ಅನ್ನೂದ ಇಲ್ಲ ಅಂತ ನೀ ಅಂತಿಯೋ, ನಿಮ್ಮ ಗುರುಗಳ ಅಂತಾರೋ?"

ನಾನು ಗಂಟಲು ಕೆರೆದುಕೊಂಡೆ.

ಆ ವಾರವೇ ಅಪ್ಪ ವಿದ್ಯಾಗಿರಿಗೆ ಬಂದ. ಕಂಬಳಿ, ಪಟಕ, ಕೈಯಲ್ಲಿ ಶೇಂಗಾದ ಚೀಲ. ಗುರುಗಳ ಹತ್ತಿರ ಬರಿಗೈಯಲ್ಲಿ ಹೋಗಬಾರದೆಂಬುದು ಅವನ ಲೆಕ್ಕ. ನನಗೆ ನಾಚಿಕೆಯೂ ಹೆದರಿಕೆಯೂ ಆಯಿತು. ಜೋಶಿ ಸರ್ ತರಗತಿ ಮುಗಿಸಿ ಬರುತ್ತಿದ್ದರು. ವಿಷಯ ಕೇಳಿ ಅವರು ನಗಲಿಲ್ಲ. ಬೇವಿನ ಗಿಡದ ಕಟ್ಟೆಯ ಮೇಲೆ ಅಪ್ಪನನ್ನು ಕೂರಿಸಿ ತಾವೂ ಕೂತರು. ನನಗೆ ಕೂರೆಂದು ಇಬ್ಬರೂ ಹೇಳಲಿಲ್ಲ.

"ಗುರುಗಳ, ಈ ಜಗತ್ತಿಗೆ ತುದಿ ಐತೇನ್ರಿ?"

"ಗೊತ್ತಿಲ್ರಿ," ಅಂದರು ಸರ್.

"ಮದಲು?"

"ಅದೂ ಪೂರಾ ಗೊತ್ತಿಲ್ಲ. ಹಿಂದ ಹಿಂದ ಹೋದ್ರ ಎಲ್ಲಾ ಒಂದ ಕಡೆ ಒತ್ತಿಕೊಂಡಿತ್ತು ಅಂತ ಲೆಕ್ಕಾ ಹೇಳ್ತದ. ಒಂದ ಜಾಗಕ್ಕ ಬಂದು ಆ ಲೆಕ್ಕಾ ನಿಂತ ಬಿಡ್ತದ. ಅದರ ಹಿಂದ ನಡಿಯೂದಿಲ್ಲ."

"ನಮ್ಮ ಹಾಡೂ ಅಲ್ಲೇ ನಿಂತೈತ್ರಿ," ಅಂದ ಅಪ್ಪ.

ಸರ್ ಒಂದು ಶೇಂಗಾ ಸುಲಿದು ಅಪ್ಪನಿಗೆ ಕೊಟ್ಟು, ತಾವೊಂದು ಬಾಯಿಗೆ ಹಾಕಿಕೊಂಡರು. ಆಮೇಲೆ ಕೇಳಿದರು, "ಈ ಸವಾಲು ಹಾಕಿದವರು ಯಾರು?"

"ನನ್ನ ಹೆಂಡತಿ ತಮ್ಮರಿ."

"ಅವರ ಮನಿಯೊಳಗ ಏನರ ಆಗಿತ್ತೇನು?"

ಅಪ್ಪ ತಲೆ ಎತ್ತಿದ. "ಯಾಕ್ರಿ?"

"ನಮ್ಮ ತಾಯಿ ಹೋದಾಗ ನಾ ಸಣ್ಣಾಂವ. ಬದಾಮಿಯೊಳಗ ಕೆರಿ ಮೆಟ್ಟಲ ಮ್ಯಾಲೆ ಕೂತು ನಮ್ಮಪ್ಪಗ ಕೇಳಿದೆ, ಮುಗಿಲು ಎಲ್ಲಿ ಮುಗೀತದ ಅಂತ. ಅಂವ ದೊಡ್ಡ ವಿದ್ವಾಂಸ. ಸಂಜೀತನಕಾ ಶಾಸ್ತ್ರಾ ಹೇಳಿದ. ಭಾಳ ಛಂದ ಹೇಳಿದ." ಸರ್ ಕೈಯಲ್ಲಿನ ಸಿಪ್ಪೆಯನ್ನು ಕೆಳಗೆ ಬಿಟ್ಟರು. "ನನಗ ಮುಗಿಲು ಬೇಕಾಗಿರಲಿಲ್ಲ."

ಅಪ್ಪ ಎದ್ದು ನಿಂತು, ಸರ್ ಬೇಡ ಬೇಡ ಎನ್ನುತ್ತಿದ್ದರೂ ಕಾಲು ಮುಟ್ಟಿದ. ನನ್ನತ್ತ ತಿರುಗಿ, "ಹುನಗುಂದದ ಬಸ್ ಎಷ್ಟೊತ್ತಿಗೈತಿ?" ಅಂದ.

ಮುಂದಿನದೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ನನಗೆ ಜಾಗ ಸಿಗುವುದಿಲ್ಲ. ಭೌತಶಾಸ್ತ್ರ ಕಲಿಸುತ್ತಲೇ ನಾನು ಮುದುಕನಾದೆ. ಈ ಪ್ರಶ್ನೆಗೆ ಎಷ್ಟೋ ಹೊಸ ಉತ್ತರಗಳು ಬಂದವು, ಕೆಲವು ಹೋದವು. ನನಗೆ ಅರ್ಥವಾದವು ಕಡಿಮೆ, ಅರ್ಥವಾದಂತೆ ಕಲಿಸಿದವು ಹೆಚ್ಚು. ಅಪ್ಪ ಮತ್ತೆ ಡೊಳ್ಳು ಕಟ್ಟಿದ, ಎಂಬತ್ತರ ದಶಕದುದ್ದಕ್ಕೂ ಊರೂರು ಹಾಡಿದ. ಯಾರಾದರೂ ಆ ಸವಾಲು ಹಾಕಿದರೆ ಹಾಡು ನಿಲ್ಲಿಸಿ, "ಇದು ನನಗ ಗೊತ್ತಿಲ್ರಿ ದೈವಾ," ಎಂದು ಬರೀ ಮಾತಿನಲ್ಲಿ ಹೇಳುತ್ತಿದ್ದ. ಡೊಳ್ಳು ಮಾತ್ರ ಇಳಿಸುತ್ತಿರಲಿಲ್ಲ. ನೇಮ ತಪ್ಪಿತೆಂದು ಕೆಲವರು ಜಗಳ ತೆಗೆದರು. ಹೆಚ್ಚಿನವರು ಅವನ ಮುಖ ನೋಡಿ ಸುಮ್ಮನಾದರು.

ಅಂದು ನಾವಿಬ್ಬರೂ ಹತ್ತಿದ ಹುನಗುಂದದ ಬಸ್ಸು ಅಮೀನಗಡದಲ್ಲಿ ನಿಂತಾಗ ಅಪ್ಪ ಅಭ್ಯಾಸದಂತೆ ಕರದಂಟು ತರಲು ಇಳಿದ. ಅಂಗಡಿಯ ಮುಂದೆ ನಿಂತು ತಿರುಗಿ ಬಂದ. "ಮಗ ಹೋದ ಮನಿಗೆ ಸಿಹಿ ಹೆಂಗ ಒಯ್ಯೂದು," ಅಂದ. ಬಾಳೆಹಣ್ಣು ತಂದ. ಹಿಂಗಾರಿ ಜೋಳ ತೆನೆ ಹಿಡಿದು ನಿಂತಿತ್ತು. ಬಸ್ಸಿಳಿದು ಹೊಲದ ಬದುವಿನಲ್ಲಿ ನಡೆದು ಮಾವನ ಮನೆ ಮುಟ್ಟಿದಾಗ ಬಿಸಿಲು ಇನ್ನೂ ಜೋರಾಗಿತ್ತು.

ಮಾವ ಹಟ್ಟಿಯ ಮುಂದೆ ಕೂತು ಒಂದು ಕುರಿಯ ಗೊರಸು ಕೆರೆದು ಔಷಧಿ ಹಚ್ಚುತ್ತಿದ್ದ. ಅವನ ಹೆಂಡತಿ ಹೊನ್ನವ್ವ ಅತ್ತೆ ಹೊಸ್ತಿಲ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳು ಇಳಕಲ್ಲ ಸೀರೆಯ ಕೆಂಪು ಸೆರಗನ್ನು ಯಾವಾಗಲೂ ತಲೆಯ ಮೇಲೆ ಠೀವಿಯಿಂದ ಹೊದೆಯುತ್ತಿದ್ದಳು. ಈಗ ಅದು ಹೇಗೋ ಹೆಗಲ ಮೇಲೆ ಬಿದ್ದಿತ್ತು. ನಮ್ಮನ್ನು ಕಂಡು ನೀರು ತಂದುಕೊಟ್ಟು, ಮತ್ತೆ ಮೊರದ ಮುಂದೆ ಕೂತಳು.

ಅಪ್ಪ ನಿಂತೇ ಕೇಳಿದ. "ಅಮೋಗಿ, ಜವಾಬು ಹೇಳು."

ಮಾವ ಕುರಿಯ ಕಾಲು ಬಿಟ್ಟ. ಅದು ಕುಂಟುತ್ತ ಹೋಯಿತು. ಅಕ್ಕನ ಗಂಡನೆಂದು ಅವನೂ ಅಪ್ಪನಿಗೆ ಮಾವ ಎಂದೇ ಅನ್ನುತ್ತಿದ್ದ. "ಇಲ್ಲ ಮಾವ. ನನಗ ಗೊತ್ತಿಲ್ಲ."

"ಗೊತ್ತಿಲ್ಲದ್ದ ಯಾಕ ಕೇಳಿದಿ?"

"ಗೆಲ್ಲಾಕ ಕೇಳಿಲ್ಲ. ನಿನಗ ಗೊತ್ತಿರತೈತಿ ಅಂತ ಕೇಳಿದ್ನಿ. ಇಷ್ಟ ವರ್ಷ ನಾ ಏನ ಕೇಳಿದ್ರೂ ಹೇಳಿದಾಂವ ನೀ. ಇದನ್ನೂ ಹೇಳ್ತಿ ಅಂದ್ಕೊಂಡ್ನಿ. ಏನ ಹಾಡಿದ್ರೂ ನಂಬತಿದ್ನಿ." ಮಾವ ಅಂಗೈಗೆ ಹತ್ತಿದ ಔಷಧಿಯನ್ನು ಮಣ್ಣಿಗೆ ಒರೆಸಿದ. ಬಹಳ ಹೊತ್ತು ಒರೆಸುತ್ತಲೇ ಇದ್ದ. "ಹಳ್ಳ ಬಂದಾಗ ನೀ ಎಲ್ಲಿದ್ದಿ ಅಂತ ಬೀರಪ್ಪನ ಮುಂದ ನಿಂತು ಕೇಳಾಕ ನನಗ ಬಾಯಿ ಬರಲಿಲ್ಲ ಮಾವ. ಅದಕ್ಕ ಏನೇನೂ ಇಲ್ಲದಾಗ ಎಲ್ಲಿದ್ದ ಅಂತ ಕೇಳಿದ್ನಿ."

ಅಪ್ಪ ಹೆಗಲ ಕಂಬಳಿ ತೆಗೆದು ನೆಲಕ್ಕೆ ಹಾಸಿ, ಮಾವನನ್ನು ಅದರ ಮೇಲೆ ಎಳೆದು ಕೂರಿಸಿಕೊಂಡು ಪಕ್ಕದಲ್ಲಿ ಕೂತ. ಇಬ್ಬರ ಮೊಣಕಾಲುಗಳು ಒಂದಕ್ಕೊಂದು ತಾಗುತ್ತಿದ್ದವು.

"ನನಗೂ ಗೊತ್ತಿಲ್ಲೋ ಅಮೋಗಿ. ಇವನ ಕಾಲೇಜಿಗೆ ಹೋಗಿ ಕೇಳಿ ಬಂದ್ನಿ. ಅವರಿಗೂ ಗೊತ್ತಿಲ್ಲಂತ."

"ಅವರಿಗೂ?" ಅಂದ ಮಾವ ನನ್ನನ್ನು ನೋಡಿ. ನಾನು ತಲೆ ಅಲ್ಲಾಡಿಸಿದೆ. ಅವನ ಎದೆಯಿಂದ ಒಂದು ಉದ್ದನೆಯ ಉಸಿರು ಹೊರಬಂತು. ಅದು ದುಃಖದ್ದೋ ಸಮಾಧಾನದ್ದೋ ನನಗೆ ಇಂದಿಗೂ ಹೇಳಲಾಗದು. ಅಷ್ಟು ದೊಡ್ಡ ಕಾಲೇಜಿನಲ್ಲೂ ಯಾರಿಗೂ ಗೊತ್ತಿಲ್ಲವೆಂದರೆ, ತನ್ನೊಬ್ಬನಿಗೇ ಮುಚ್ಚಿದ ಬಾಗಿಲಲ್ಲ ಅದು ಎಂದು ಅನಿಸಿತೋ ಏನೋ.

ಅಷ್ಟು ಹೊತ್ತೂ ಕೇಳುತ್ತಿದ್ದ ಮೊರದ ಸದ್ದು ನಿಂತಿತ್ತು. ನಾವು ಮೂವರೂ ಅತ್ತೆಯತ್ತ ತಿರುಗಿದೆವು.

"ಮುಗೀತೇನು ನಿಮ್ಮದು?" ಅಂದಳು. ದನಿಯಲ್ಲಿ ಸಿಟ್ಟಿತ್ತು. "ಇಂವ ಗುಡಿ ಮುಂದ ಹೋಗಿ ಬೀರಪ್ಪನ್ನ ಹುಡುಕತಾನ. ಮನಿಯಾಗ ಮಗನ ಹೆಸರ ತಗಿಯಂಗಿಲ್ಲ. ಊರಾಗ ಯಾರೂ ತಗಿವಲ್ಲರು. ನನ್ನ ಕಂಡ್ರ ಮಳಿ ಬೆಳಿ ಮಾತಾಡ್ತಾರ. ಅಂವ ಹುಟ್ಟಿದ್ನೋ ಇಲ್ಲೋ ಅನ್ನೂಹಂಗ ಮಾಡ್ಯಾರ ಎಲ್ಲಾರೂ." ಮೊರವನ್ನು ಬದಿಗೆ ಸರಿಸಿದಳು. "ಯಣ್ಣಾ, ಜಗತ್ತು ಹುಟ್ಟಿದ್ದೆಲ್ಲಾ ಹಾಡ್ತಿಯಲ್ಲ ನೀ. ನಮ್ಮ ಮಾಳ್ಯಾ ಹುಟ್ಟಿದ್ದ ಹಾಡು. ನಾ ಕೇಳ್ತೇನಿ."

ಮಾವ ತಲೆ ತಗ್ಗಿಸಿದ. ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ. ಹಾಡು ನಿಲ್ಲಿಸಿ ತಿಂಗಳುಗಳಾಗಿದ್ದವು, ಕೊರಳಲ್ಲಿ ಡೊಳ್ಳೂ ಇರಲಿಲ್ಲ. ಅಂಗೈಯನ್ನು ತೊಡೆಗೆ ಬಡಿಯುತ್ತ ಲಯ ಹಿಡಿದ. ದೊಡ್ಡವರ ಹುಟ್ಟನ್ನು ಹಾಡುವಾಗ ಹೇಗೆ ಎತ್ತಬೇಕೋ ಹಾಗೆಯೇ ಎತ್ತಿದ. ಮುಗಿಲು ನಡುಗಿತು, ಮಿಂಚು ಹೊಳೆಯಿತು, ಹಟ್ಟಿಯ ಮೇಲೆ ಮಳೆ ಸುರಿಯಿತು, ಆಗ ಹೊನ್ನವ್ವನ ಮಡಿಲಲ್ಲಿ ಮಾಳಪ್ಪ ಕಣ್ಣು ತೆರೆದ ಎಂದು.

ಅತ್ತೆ ಕೈ ಎತ್ತಿದಳು.

"ತಡಿ ಯಣ್ಣಾ. ಸುಳ್ಳ ಹಾಡಬ್ಯಾಡ. ಅವತ್ತ ಮಳಿ ಇರಲಿಲ್ಲ."

ಅಪ್ಪ ನಿಲ್ಲಿಸಿದ.

"ಬಿಸಿಲಿತ್ತು. ಇಲ್ಲೇ, ಈ ಬಾಗಲಾ ಮುಂದ ಕಂಬಳಿ ಒಣ ಹಾಕಿದ್ನಿ. ಅದನ್ನ ತಗಿಯಾಕ ಬಗ್ಗಿದಾಗ ಬ್ಯಾನಿ ಬಂತು. ಒಂದ ಹನಿ ಮಳಿ ಇರಲಿಲ್ಲ." ಸೆರಗನ್ನು ಹೆಗಲಿನಿಂದ ತಲೆಯ ಮೇಲೆ ಎಳೆದುಕೊಂಡಳು. "ನನಗ ಗೊತ್ತಿಲ್ಲೇನು? ನಾ ಅಲ್ಲೇ ಇದ್ನೆಲ್ಲ."

ಅಪ್ಪ ಹಾಡಿನಿಂದ ಮಳೆಯನ್ನು ತೆಗೆದ. ಅಲ್ಲಿ ಬಿಸಿಲು ಹಾಕಿ, ಮತ್ತೆ ಮೊದಲಿನಿಂದ ಶುರು ಮಾಡಿದ.